ಪರ್ವತ ಮತ್ತು ಹಿಮಪಾತ: ಏರುವ ಗಾಳಿಯ ಶಾಖದ ಲೆಕ್ಕ

ಕಾಶ್ಮೀರದ ಗುಲ್ಮಾರ್ಗ್ ಇರುವುದು ಸುಮಾರು 2,650 ಮೀಟರ್ ಎತ್ತರದಲ್ಲಿ, ಲಡಾಖಿನ ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಚಳಿ ಲೇಹ್‌ನಲ್ಲೇ ಹೆಚ್ಚು. ಆದರೆ ಹಿಮದಲ್ಲಿ ಹೂತುಹೋಗುವುದು ಗುಲ್ಮಾರ್ಗ್. ಲೇಹ್‌ನಲ್ಲಿ ವರ್ಷವಿಡೀ ಬೀಳುವ ಮಳೆ, ಹಿಮ ಎಲ್ಲವನ್ನೂ ಕರಗಿಸಿ ಅಳೆದರೂ ಸಿಗುವುದು ಸುಮಾರು 100 ಮಿಲಿಮೀಟರ್ ನೀರು ಮಾತ್ರ. ಎತ್ತರ ಹೆಚ್ಚಿದಷ್ಟೂ ಹಿಮ ಹೆಚ್ಚು ಎಂಬ ಸೂತ್ರ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಹಿಮಕ್ಕೆ ಚಳಿಯ ಜೊತೆಗೆ ನೀರಾವಿಯೂ ಬೇಕು, ಆ ನೀರಾವಿಯನ್ನು ಗಾಳಿಯಿಂದ ಹಿಂಡಿ ತೆಗೆಯುವ ಕಾರಣವೂ ಬೇಕು.

ಈ ಪಾಠದ ವಿಷಯಗಳನ್ನೆಲ್ಲ ನಾನು ಎರಡೇ ಕಪಾಟುಗಳಲ್ಲಿ ಇಟ್ಟುಕೊಂಡಿದ್ದೇನೆ. ಪರ್ವತ ಗಾಳಿಯನ್ನು ಎತ್ತುತ್ತದೆ. ಪರ್ವತ ಗಾಳಿಯನ್ನು ತಡೆದು ಹಿಡಿಯುತ್ತದೆ. ಮಳೆ ನೆರಳು (ಪರ್ವತದ ಆಚೆ ಬದಿಯ ಒಣ ಪ್ರದೇಶ), ಫಾನ್ ಗಾಳಿ (ಪರ್ವತ ದಾಟಿ ಇಳಿಯುವ ಬಿಸಿ ಗಾಳಿ) ಮೊದಲನೆಯದರಲ್ಲಿ. ಕಣಿವೆಯ ಮಂಜು, ಕೊರೆಯುವ ರಾತ್ರಿ, ಕಣಿವೆಯೊಳಗೆ ಅನಿರೀಕ್ಷಿತವಾಗಿ ಬೀಳುವ ಹಿಮ ಎರಡನೆಯದರಲ್ಲಿ. ಹೊಸ ವಿಷಯ ಎದುರಾದಾಗ ಅದು ಯಾವ ಕಪಾಟಿಗೆ ಸೇರಿದ್ದು ಎಂದು ಕೇಳಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಎತ್ತುವುದು: ಎಲ್ಲಿಂದ ಬಂತು ಆ ಏಳು ಡಿಗ್ರಿ?

ಗಾಳಿ ಮೇಲೇರಿದರೆ ಸುತ್ತಲಿನ ಒತ್ತಡ ಕಡಿಮೆಯಾಗಿ ಅದು ಹಿಗ್ಗುತ್ತದೆ. ಹಿಗ್ಗಲು ಬೇಕಾದ ಶಕ್ತಿಯನ್ನು ತನ್ನದೇ ಶಾಖದಿಂದ ಖರ್ಚು ಮಾಡುವುದರಿಂದ ತಣ್ಣಗಾಗುತ್ತದೆ. ಇಳಿದರೆ ಇದರ ಉಲ್ಟಾ: ಸೈಕಲ್ ಪಂಪು ಒತ್ತಿದಾಗ ಕೊಳವೆ ಬಿಸಿಯಾಗುವಂತೆ, ಕುಗ್ಗಿದ ಗಾಳಿ ಬಿಸಿಯಾಗುತ್ತದೆ. ಮೋಡ ಕಟ್ಟದ ಗಾಳಿಗೆ ಈ ದರ ಕಿಲೋಮೀಟರಿಗೆ ಹೆಚ್ಚುಕಡಿಮೆ 10 ಡಿಗ್ರಿ ಸೆಲ್ಸಿಯಸ್. ಮೋಡ ಕಟ್ಟಿದ ಮೇಲೆ ದರ ಇಳಿಯುತ್ತದೆ. ನೀರಾವಿ ಹನಿಯಾಗುವಾಗ ಅದರಲ್ಲಿ ಅಡಗಿದ್ದ ಶಾಖ, ಅಂದರೆ ಗುಪ್ತೋಷ್ಣ, ಬಿಡುಗಡೆಯಾಗಿ ತಣ್ಣಗಾಗುವಿಕೆಯ ಒಂದು ಭಾಗವನ್ನು ಸರಿದೂಗಿಸುತ್ತದೆ. ಈಗ ಮಾಡುವ ಲೆಕ್ಕಕ್ಕೆ ಕಿಲೋಮೀಟರಿಗೆ 6.5 ಡಿಗ್ರಿ ಎಂದು ಹಿಡಿಯೋಣ.

ಇಷ್ಟು ಎಲ್ಲ ಪುಸ್ತಕಗಳಲ್ಲೂ ಇದೆ. ಆದರೆ ಪರ್ವತ ದಾಟಿ ಇಳಿದ ಗಾಳಿ ಹೊರಟಾಗ ಇದ್ದದ್ದಕ್ಕಿಂತ ಬಿಸಿಯಾಗಿರುತ್ತದೆ ಎಂಬ ಸಾಲು ಬಂದಾಗ ನಾನು ನಿಂತುಬಿಟ್ಟೆ. ಏರಿದ್ದು ಎಷ್ಟೋ ಇಳಿದದ್ದೂ ಅಷ್ಟೇ. ಹಿಗ್ಗಿದಷ್ಟೇ ಕುಗ್ಗಿದೆ. ಹಾಗಿದ್ದರೆ ಹೆಚ್ಚುವರಿ ಬಿಸಿ ಎಲ್ಲಿಂದ? ಕಾಗದದ ಮೇಲೆ ಅಂಕಿ ಬರೆದುಕೊಂಡು ಹೋದಾಗ ಮಾತ್ರ ಇದು ನನಗೆ ಗಟ್ಟಿಯಾಗಿ ಕೂತಿತು. ಆದ್ದರಿಂದ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತೇನೆ.

ಸಮುದ್ರಮಟ್ಟದಲ್ಲಿ ಗಾಳಿ 10 ಡಿಗ್ರಿ ಇದೆ ಎನ್ನೋಣ. ಮುಂದೆ 2,500 ಮೀಟರ್ ಎತ್ತರದ ಪರ್ವತಸಾಲು. ಮೋಡ ಕಟ್ಟುವುದು 500 ಮೀಟರಿನಲ್ಲಿ. ಅಲ್ಲಿಯವರೆಗೆ 10ರ ದರ, ಅಂದರೆ 5 ಡಿಗ್ರಿ ಕಳೆದು ಉಳಿದದ್ದು 5. ಅಲ್ಲಿಂದ ನೆತ್ತಿಗೆ ಇನ್ನೂ 2,000 ಮೀಟರ್, ಈಗ 6.5ರ ದರ, ಅಂದರೆ 13 ಡಿಗ್ರಿ ಇಳಿಕೆ. ನೆತ್ತಿಯಲ್ಲಿ ಗಾಳಿ ಮೈನಸ್ 8 ಡಿಗ್ರಿ. ಈ ದಾರಿಯಲ್ಲಿ ಸುಮಾರು 1,270 ಮೀಟರಿನಲ್ಲಿ ಅದು ಸೊನ್ನೆ ಡಿಗ್ರಿ ದಾಟಿದೆ. ಆ ಮಟ್ಟದಿಂದ ಮೇಲೆ ಬೀಳುವುದೆಲ್ಲ ಹಿಮ. ಹಿಮದ ಚಕ್ಕೆ ಕರಗಲು ಸ್ವಲ್ಪ ದೂರ ಬೇಕಾದ್ದರಿಂದ ಅದಕ್ಕಿಂತ ಇನ್ನೂರು ಮುನ್ನೂರು ಮೀಟರ್ ಕೆಳಗೂ ಹಿಮವೇ ಸಿಗಬಹುದು.

ಈಗ ಇಳಿಜಾರಿನ ಆ ಬದಿ. ಮೋಡದ ನೀರೆಲ್ಲ ಈಚೆಗೇ ಹಿಮವಾಗಿ ಬಿದ್ದುಹೋಗಿದೆ ಎನ್ನೋಣ. ಗಾಳಿಯಲ್ಲಿ ಒಂದು ಹನಿಯೂ ಉಳಿದಿಲ್ಲ. ಹಾಗಾದರೆ ಇಳಿಯುವ ಇಡೀ 2,500 ಮೀಟರಿಗೂ 10ರ ದರವೇ: 25 ಡಿಗ್ರಿ ಏರಿಕೆ. ಮೈನಸ್ 8ಕ್ಕೆ 25 ಕೂಡಿಸಿದರೆ 17 ಡಿಗ್ರಿ. ಹೊರಟದ್ದು 10, ತಲುಪಿದ್ದು 17.

ಇದೇ ಲೆಕ್ಕವನ್ನು ಇನ್ನೊಂದು ಷರತ್ತಿನಿಂದ ಮಾಡಿ ನೋಡಿ. ಮೋಡದಿಂದ ಏನೂ ಬೀಳಲಿಲ್ಲ, ಹನಿಗಳೆಲ್ಲ ಗಾಳಿಯ ಜೊತೆಗೇ ನೆತ್ತಿ ದಾಟಿದವು. ಇಳಿಯುವಾಗ ಗಾಳಿ ಬಿಸಿಯಾದಂತೆ ಹನಿಗಳು ಆವಿಯಾಗುತ್ತವೆ, ಆವಿಯಾಗಲು ಶಾಖ ಹೀರುತ್ತವೆ. ಹಾಗಾಗಿ 500 ಮೀಟರಿನವರೆಗೆ 6.5ರ ದರದಲ್ಲೇ ಬಿಸಿಯಾಗಿ 5 ಡಿಗ್ರಿ, ಕೊನೆಯ 500 ಮೀಟರಿನಲ್ಲಿ ಮತ್ತೆ 5 ಸೇರಿ 10 ಡಿಗ್ರಿ. ಹೊರಟದ್ದೂ 10, ತಲುಪಿದ್ದೂ 10.

ವ್ಯತ್ಯಾಸ ಮಾಡಿದ್ದು ಬಿದ್ದ ಹಿಮ. ಹನಿಯಾಗುವಾಗ ನೀರಾವಿ ತನ್ನ ಶಾಖವನ್ನು ಗಾಳಿಗೆ ಕೊಟ್ಟಿತು. ಆಮೇಲೆ ನೆಲಕ್ಕೆ ಬಿದ್ದು ಗಾಳಿಯ ಸಹವಾಸವನ್ನೇ ಬಿಟ್ಟಿತು. ಕೊಟ್ಟದ್ದನ್ನು ವಾಪಸು ಕೇಳಲು ಅದು ಅಲ್ಲಿಲ್ಲ. ಒಂದು ಕಿಲೋಗ್ರಾಂ ಗಾಳಿಯಲ್ಲಿ ಒಂದು ಗ್ರಾಂ ನೀರಾವಿ ಹನಿಯಾದರೆ ಗಾಳಿ ಸುಮಾರು 2.5 ಡಿಗ್ರಿ ಬಿಸಿಯಾಗುತ್ತದೆ. ಮೇಲಿನ ಉದಾಹರಣೆಯಲ್ಲಿ ಕಳೆದುಹೋದದ್ದು ಹತ್ತಿರ ಹತ್ತಿರ 3 ಗ್ರಾಂ. ಗುಣಿಸಿದರೆ ಆ ಏಳು ಡಿಗ್ರಿ ಸರಿಸುಮಾರು ಸಿಕ್ಕಿತು. ಈಚೆ ಬದಿಯ ಹಿಮ, ಆಚೆ ಬದಿಯ ಬಿಸಿ ಎರಡೂ ಒಂದೇ ಖಾತೆಯ ಎರಡು ಕಲಮುಗಳು. ಅದಲ್ಲದೆ 17 ಡಿಗ್ರಿಯ ಆ ಗಾಳಿಯಲ್ಲಿ ಉಳಿದ ನೀರಾವಿ ಅದು ಹಿಡಿಯಬಲ್ಲದ್ದರ ಕಾಲು ಭಾಗಕ್ಕಿಂತಲೂ ಕಡಿಮೆ. ಬಿದ್ದಿದ್ದ ಹಳೆಯ ಹಿಮವನ್ನೂ ಅದು ಕರಗಿಸಿ, ಆವಿಯಾಗಿಸಿ ತಿಂದುಹಾಕುತ್ತದೆ. ಆಲ್ಪ್ಸ್‌ನಲ್ಲಿ ಇದು ಫಾನ್, ರಾಕಿ ಪರ್ವತಗಳ ಪೂರ್ವಕ್ಕೆ ಚಿನೂಕ್. 1943ರ ಜನವರಿ 22ರಂದು ಅಮೆರಿಕದ ದಕ್ಷಿಣ ಡಕೋಟದ ಸ್ಪಿಯರ್‌ಫಿಶ್‌ನಲ್ಲಿ ಇಂಥ ಗಾಳಿ ನೆಲಕ್ಕೆ ಮುಟ್ಟಿದಾಗ ಎರಡೇ ನಿಮಿಷಗಳಲ್ಲಿ ಉಷ್ಣತೆ ಮೈನಸ್ 20ರಿಂದ 7 ಡಿಗ್ರಿಗೆ ಜಿಗಿಯಿತು.

ಒಂದು ಎಚ್ಚರಿಕೆ. ಎಲ್ಲ ಫಾನ್ ಗಾಳಿಗೂ ಹಿಮ ಬೀಳಲೇಬೇಕೆಂದಿಲ್ಲ. ಕೆಳಗಿನ ತಣ್ಣನೆಯ ಗಾಳಿ ಪರ್ವತದ ಬುಡದಲ್ಲೇ ಸಿಕ್ಕಿಬಿದ್ದು, ನೆತ್ತಿಯ ಮಟ್ಟದ ಗಾಳಿ ಮಾತ್ರ ದಾಟಿ ಕೆಳಗಿಳಿದರೂ ಆಚೆ ಬದಿ ಬಿಸಿಯಾಗುತ್ತದೆ. ಪರೀಕ್ಷೆಯಲ್ಲಿ ಕೇಳುವುದು ಮೊದಲನೆಯ ಲೆಕ್ಕ. ಆಕಾಶದಲ್ಲಿ ನಡೆಯುವುದು ಹಲವು ಬಾರಿ ಎರಡರ ಬೆರಕೆ.

ಎಲ್ಲಿ ಬೀಳುತ್ತದೆ?

ಗಾಳಿಗೆ ಎದುರಾದ ಬದಿಯಲ್ಲಿ ಎಂಬ ಉತ್ತರ ಮಳೆಗೆ ಚೆನ್ನಾಗಿ ಹೊಂದುತ್ತದೆ, ಹಿಮಕ್ಕೆ ಅಷ್ಟಾಗಿ ಹೊಂದುವುದಿಲ್ಲ. ಕಾರಣ ಬೀಳುವ ವೇಗ. ಹಿಮದ ಚಕ್ಕೆ ಸೆಕೆಂಡಿಗೆ ಸುಮಾರು 1 ಮೀಟರ್ ಇಳಿಯುತ್ತದೆ, ಮಳೆಹನಿ ಅದರ ಐದಾರು ಪಟ್ಟು. ನೆಲದಿಂದ 1,500 ಮೀಟರ್ ಮೇಲೆ ಹುಟ್ಟಿದ ಚಕ್ಕೆಗೆ ನೆಲ ಮುಟ್ಟಲು 25 ನಿಮಿಷ. ಅಷ್ಟು ಹೊತ್ತು ಸೆಕೆಂಡಿಗೆ 15 ಮೀಟರ್ ಗಾಳಿ ಅದನ್ನು ಹೊತ್ತೊಯ್ದರೆ 22 ಕಿಲೋಮೀಟರಿಗೂ ಹೆಚ್ಚು ದೂರ. ಮಳೆಹನಿಯಾದರೆ 4 ಕಿಲೋಮೀಟರಿನ ಆಸುಪಾಸಿನಲ್ಲೇ ಬೀಳುತ್ತದೆ. ಆದ್ದರಿಂದ ಕೊರೆಯುವ ಚಳಿಯ ಬಿರುಗಾಳಿಯಲ್ಲಿ ಹಿಮ ನೆತ್ತಿ ದಾಟಿ ಆಚೆ ಬದಿಗೂ ಚೆಲ್ಲುತ್ತದೆ. ಬೆಚ್ಚನೆಯದಾದರೆ ಮಳೆ ನೆರಳಿನ ಗಡಿ ಕತ್ತರಿಸಿದಂತೆ ನೆತ್ತಿಗೇ ನಿಲ್ಲುತ್ತದೆ. ಬಿದ್ದ ಮೇಲೂ ಹಿಮ ಸುಮ್ಮನಿರುವುದಿಲ್ಲ. ಬೋಳು ಏಣುಗಳಿಂದ ಗಾಳಿ ಅದನ್ನು ಗುಡಿಸಿ ಆಚೆ ಇಳಿಜಾರಿನ ತಲೆಯಲ್ಲಿ ರಾಶಿ ಹಾಕುತ್ತದೆ. ಹಿಮಕುಸಿತದ ಅಪಾಯ ಹಲವು ಬಾರಿ ಆ ಬದಿಗೆ ಹೆಚ್ಚಿರುವುದು ಇದಕ್ಕೇ.

ಗುಲ್ಮಾರ್ಗ್–ಲೇಹ್ ಜೋಡಿ ಈಗ ಸುಲಭ. ಚಳಿಗಾಲದಲ್ಲಿ ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಹೊರಡುವ ಪಶ್ಚಿಮದ ವಾಯುಕ್ಷೋಭೆಗಳು (ಮಳೆ, ಹಿಮ ತರುವ ಕಡಿಮೆ ಒತ್ತಡದ ವ್ಯವಸ್ಥೆಗಳು) ದಾರಿಯಲ್ಲಿ ತೇವ ಕೂಡಿಸಿಕೊಂಡು ಬರುತ್ತವೆ. ಮೊದಲು ಎದುರಾಗುವುದು ಪೀರ್ ಪಂಜಾಲ್, ಗುಲ್ಮಾರ್ಗ್ ಆ ಸಾಲಿನಲ್ಲೇ ಇದೆ. ಆಮೇಲೆ ಮಹಾ ಹಿಮಾಲಯ. ಎರಡು ಬಾರಿ ಹಿಂಡಿಸಿಕೊಂಡ ಮೇಲೆ ಲೇಹ್‌ಗೆ ತಲುಪುವ ಗಾಳಿಯಲ್ಲಿ ಕೊಡಲು ಹೆಚ್ಚೇನೂ ಉಳಿದಿರುವುದಿಲ್ಲ.

ಎತ್ತರ ಮುಖ್ಯವಲ್ಲ ಎಂಬುದಕ್ಕೆ ನನಗೆ ಬಹಳ ಇಷ್ಟವಾದ ಉದಾಹರಣೆ ಜಪಾನಿನ ಇಬುಕಿ ಪರ್ವತ. ಎತ್ತರ 1,377 ಮೀಟರ್ ಮಾತ್ರ. ಅಲ್ಲಿ 1927ರ ಫೆಬ್ರವರಿ 14ರಂದು ಅಳೆದ ಹಿಮದ ಆಳ 11.82 ಮೀಟರ್. ಸೈಬೀರಿಯದಿಂದ ಹೊರಡುವಾಗ ಆ ಗಾಳಿ ಒಣಗಿದ್ದು, ಅತಿ ತಣ್ಣನೆಯದು. ಹೋಲಿಕೆಯಲ್ಲಿ ಬೆಚ್ಚಗಿರುವ ಜಪಾನ್ ಸಮುದ್ರದ ಮೇಲೆ ಹಾದುಬರುವಾಗ ಕೆಳಗಿನಿಂದ ಬಿಸಿಯೂ ತೇವವೂ ತುಂಬಿಕೊಳ್ಳುತ್ತವೆ. ಕರಾವಳಿ ದಾಟಿದೊಡನೆ ಪರ್ವತ ಅದನ್ನು ಎತ್ತುತ್ತದೆ. ಅದೇ ದಿನಗಳಲ್ಲಿ ಪರ್ವತಸಾಲಿನ ಆಚೆಯ ಟೋಕಿಯೊದಲ್ಲಿ ಸಾಮಾನ್ಯವಾಗಿ ನಿರ್ಮಲ ಆಕಾಶ, ಒಣ ಚಳಿ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಕ್ಯಾಸ್ಕೇಡ್ ಪರ್ವತಗಳಲ್ಲೂ ಇದೇ ಕಥೆ: 1998–99ರ ಋತುವಿನಲ್ಲಿ ಬೇಕರ್ ಪರ್ವತದ ಸ್ಕೀ ತಾಣದಲ್ಲಿ ಒಟ್ಟು 28.96 ಮೀಟರ್ ಹಿಮ ಬಿತ್ತು. ಅದೇ ಪರ್ವತಸಾಲಿನ ಪೂರ್ವಕ್ಕಿರುವ ಯಾಕಿಮಾ ಪಟ್ಟಣಕ್ಕೆ ವರ್ಷಕ್ಕೆ ಬೀಳುವುದು ಸುಮಾರು 200 ಮಿಲಿಮೀಟರ್ ನೀರು.

ಅತಿ ಎತ್ತರದಲ್ಲಿ ಹಿಮ ಮತ್ತೆ ಕಡಿಮೆಯಾಗುವುದಕ್ಕೆ ಒಂದೇ ಸಾಲು ಸಾಕು: ಪ್ರತಿ 10 ಡಿಗ್ರಿ ಇಳಿಕೆಗೆ ಗಾಳಿ ಹಿಡಿಯಬಲ್ಲ ನೀರಾವಿ ಸುಮಾರು ಅರ್ಧವಾಗುತ್ತದೆ. ಸೊನ್ನೆ ಡಿಗ್ರಿಯಲ್ಲಿ ಘನಮೀಟರಿಗೆ 4.8 ಗ್ರಾಂ, ಮೈನಸ್ 20ರಲ್ಲಿ ಸುಮಾರು 1 ಗ್ರಾಂ.

ತಡೆಯುವುದು

ಗಾಳಿ ಯಾವಾಗ ಪರ್ವತ ಹತ್ತುತ್ತದೆ, ಯಾವಾಗ ಬುಡದಲ್ಲೇ ನಿಲ್ಲುತ್ತದೆ? ಅಂದಾಜಿಗೆ ಒಂದು ಕೈಲೆಕ್ಕ: ಪರ್ವತದ ಎತ್ತರವನ್ನು ಮೀಟರಿನಲ್ಲಿ ಬರೆದು 100ರಿಂದ ಭಾಗಿಸಿ. ಸಾಧಾರಣ ಸ್ಥಿರತೆಯ (ಎತ್ತಿದ ಗಾಳಿ ಮತ್ತೆ ಕೆಳಗಿಳಿಯಲು ನೋಡುವ) ವಾತಾವರಣದಲ್ಲಿ ಗಾಳಿಯ ವೇಗ ಸೆಕೆಂಡಿಗೆ ಅಷ್ಟು ಮೀಟರಿಗಿಂತ ಹೆಚ್ಚಿದ್ದರೆ ಹತ್ತುತ್ತದೆ, ತೀರಾ ಕಡಿಮೆಯಿದ್ದರೆ ಕೆಳಗಿನ ಪದರ ನಿಂತು ಪಕ್ಕಕ್ಕೆ ಹರಿಯುತ್ತದೆ. 2,000 ಮೀಟರ್ ಸಾಲಿಗೆ ಗಡಿ ವೇಗ 20. ಬುಡದಲ್ಲಿ ನಿಂತ ತಣ್ಣನೆಯ ಗಾಳಿಯ ಮೇಲೆ ಹಿಂದಿನಿಂದ ಬಂದ ಗಾಳಿ ಹತ್ತುವುದರಿಂದ, ಹಿಮ ಪರ್ವತಕ್ಕೆ ಮೊದಲೇ, ತಪ್ಪಲಿನಲ್ಲೇ ಬೀಳಲು ಶುರುವಾಗುತ್ತದೆ.

ಕಣಿವೆಯ ರಾತ್ರಿಯ ಚಳಿಗೆ ಕಾರಣ ಸರಳ. ಇಳಿಜಾರು ಶಾಖ ಕಳೆದುಕೊಂಡು ತಣ್ಣಗಾಗುತ್ತದೆ, ಅದಕ್ಕೆ ತಾಗಿದ ಗಾಳಿ ಭಾರವಾಗಿ ತಗ್ಗಿಗೆ ಜಾರುತ್ತದೆ. ಹೊರದಾರಿಯಿಲ್ಲದ ತಗ್ಗಾದರೆ ಅಲ್ಲೇ ತುಂಬಿಕೊಳ್ಳುತ್ತದೆ. ಅಮೆರಿಕದ ಯೂಟಾದ ಪೀಟರ್ ಸಿಂಕ್ಸ್ ಎಂಬ ಅಂಥ ತಗ್ಗಿನಲ್ಲಿ 1985ರ ಫೆಬ್ರವರಿ 1ರಂದು ಮೈನಸ್ 56.3 ಡಿಗ್ರಿ ದಾಖಲಾಯಿತು.

ಇನ್ನು ನಾನು ಎಲ್ಲಕ್ಕಿಂತ ಹೆಚ್ಚು ಮೆಚ್ಚಿದ ಭಾಗ. ಇದು ಸಾಮಾನ್ಯ ಪಠ್ಯಗಳಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ, ಆದರೆ ಕಣಿವೆಯೊಳಗಿನ ಹಿಮಪಾತ ಅರ್ಥವಾಗಬೇಕಾದರೆ ಇದೇ ಬೇಕು.

ಮೇಲಿನಿಂದ ಬೀಳುವ ಹಿಮ ಸೊನ್ನೆ ಡಿಗ್ರಿಗಿಂತ ಬೆಚ್ಚಗಿರುವ ಕಣಿವೆಯ ಗಾಳಿಯೊಳಗೆ ಬಂದು ಕರಗುತ್ತದೆ. ಕರಗಲು ಬೇಕಾದ ಶಾಖವನ್ನು ಆ ಗಾಳಿಯಿಂದಲೇ ತೆಗೆದುಕೊಳ್ಳುತ್ತದೆ, ಕಿಲೋಗ್ರಾಂಗೆ 334 ಕಿಲೋಜೂಲ್. 10 ಮಿಲಿಮೀಟರ್ ನೀರಿಗೆ ಸಮನಾದ ಹಿಮ ಕರಗಿತು ಎನ್ನೋಣ. ಚದರ ಮೀಟರಿಗೆ 10 ಕಿಲೋಗ್ರಾಂ, ಆದ್ದರಿಂದ 3,340 ಕಿಲೋಜೂಲ್. ಅದೇ ಚದರ ಮೀಟರಿನ ಮೇಲೆ ಒಂದು ಕಿಲೋಮೀಟರ್ ಎತ್ತರದ ಗಾಳಿಯ ಕಂಬದ ತೂಕ ಸುಮಾರು 1,150 ಕಿಲೋಗ್ರಾಂ. ಅದನ್ನು ಒಂದು ಡಿಗ್ರಿ ತಣಿಸಲು ಸುಮಾರು 1,150 ಕಿಲೋಜೂಲ್ ತೆಗೆಯಬೇಕು. ಭಾಗಿಸಿದರೆ ಹತ್ತಿರ ಹತ್ತಿರ 3 ಡಿಗ್ರಿ ಇಳಿಕೆ. ಇದು ಬಯಲಿನ ಲೆಕ್ಕ.

ಈಗ ಬಯಲಿನ ಬದಲು ಇಂಗ್ಲಿಷ್ ವಿ ಅಕ್ಷರದ ಆಕಾರದ ಕಣಿವೆ. ಮೇಲ್ಗಡೆಯ ಅಗಲ ಅಷ್ಟೇ, ಬೀಳುವ ಹಿಮವೂ ಅಷ್ಟೇ. ಆದರೆ ಎರಡೂ ಬದಿ ಬೆಟ್ಟ ಜಾಗ ತೆಗೆದುಕೊಂಡಿರುವುದರಿಂದ ಒಳಗಿನ ಗಾಳಿ ಬಯಲಿನದಕ್ಕಿಂತ ಅರ್ಧ. ತೆಗೆದ ಶಾಖ ಅಷ್ಟೇ, ಕೊಡುವ ಗಾಳಿ ಅರ್ಧ. ಹಾಗಾಗಿ ಇಳಿಕೆ ಎರಡು ಪಟ್ಟು, ಸುಮಾರು 6 ಡಿಗ್ರಿ. ಶುರುವಿನಲ್ಲಿ 4 ಡಿಗ್ರಿ ಇದ್ದು ಮಳೆ ಸುರಿಯುತ್ತಿದ್ದ ಕಣಿವೆ ಕೆಲವೇ ಗಂಟೆಗಳಲ್ಲಿ ಸೊನ್ನೆಗೆ ಇಳಿದು, ಹಿಮ ತಳದವರೆಗೂ ಬರುತ್ತದೆ. ಹೊರಗಿನ ಬಯಲಿನಲ್ಲಿ ಅದೇ ಹೊತ್ತಿಗೆ ಇನ್ನೂ ಮಳೆಯೇ ಇರಬಹುದು. ಸೊನ್ನೆಯಲ್ಲಿ ಇಳಿಕೆ ನಿಲ್ಲುತ್ತದೆ, ಏಕೆಂದರೆ ಆಮೇಲೆ ಬೀಳುವ ಹಿಮ ಕರಗುವುದೇ ಇಲ್ಲ. ತಳದಿಂದ ನೂರಾರು ಮೀಟರ್ ಎತ್ತರದವರೆಗೆ ಉಷ್ಣತೆ ಒಂದೇ ಸಮನೆ ಸೊನ್ನೆಯ ಅಂಚಿನಲ್ಲಿ ನಿಂತಿದ್ದರೆ ಅದು ಈ ಪ್ರಕ್ರಿಯೆಯ ಗುರುತು.

ಇದಕ್ಕೆ ಎರಡು ಷರತ್ತುಗಳಿವೆ. ಹಿಮ ಜೋರಾಗಿ ಬೀಳಬೇಕು: ಗಂಟೆಗೆ ಅರ್ಧ ಮಿಲಿಮೀಟರ್ ನೀರಿನಷ್ಟು ತುಂತುರು ಬಿದ್ದರೆ ಇಳಿಕೆ ನಿಧಾನ, ಅಷ್ಟರಲ್ಲಿ ಬೆಚ್ಚನೆಯ ಗಾಳಿ ಬೆರೆತುಬಿಡುತ್ತದೆ. ಮತ್ತು ಕಣಿವೆಯೊಳಗಿನ ಗಾಳಿ ಬದಲಾಗಬಾರದು. ಅಗಲ ಬಾಯಿಯ, ಬೀಸುವ ಗಾಳಿಯ ದಿಕ್ಕಿಗೆ ತೆರೆದುಕೊಂಡ ಕಣಿವೆಯಲ್ಲಿ ತಣಿದ ಗಾಳಿಯನ್ನು ಹೊಸ ಗಾಳಿ ತಳ್ಳಿಕೊಂಡು ಹೋಗುತ್ತದೆ. ಬೀಸುವ ಗಾಳಿಗೆ ಅಡ್ಡಲಾಗಿ ಮಲಗಿದ ಇಕ್ಕಟ್ಟಿನ ಕಣಿವೆಯಲ್ಲಿ ಹಾಗಾಗುವುದಿಲ್ಲ. ಅದಕ್ಕೇ ಮುನ್ಸೂಚನೆಯಲ್ಲಿ 1,300 ಮೀಟರಿನಿಂದ ಮೇಲೆ ಹಿಮ ಎಂದಿದ್ದರೆ ನಕ್ಷೆಯಲ್ಲಿ ಕಣಿವೆಯ ಅಗಲವನ್ನೂ ದಿಕ್ಕನ್ನೂ ನೋಡಬೇಕು. ಮಳೆ ಜೋರಾಗಿದ್ದು ಕಣಿವೆ ಇಕ್ಕಟ್ಟಾಗಿದ್ದರೆ ಹಿಮ ಆ ಅಂಕಿಗಿಂತ ನೂರಾರು ಮೀಟರ್ ಕೆಳಗೆ ಬರಬಹುದು. ಗಾಳಿ ತಿರುಗಿ ಕಣಿವೆಯ ಉದ್ದಕ್ಕೂ ಬೀಸತೊಡಗಿದರೆ ಅದೇ ಹಿಮ ಕಡಿಮೆ ಹೊತ್ತಿನಲ್ಲೇ ಮತ್ತೆ ಮಳೆಯಾಗುತ್ತದೆ.