ಕಾಟಾದ ಕಂಪ್ಯೂಟರ್ ದಿನಾ ಯಾಕೆ ಪರ್ಮಿಶನ್ ಕೇಳುತ್ತದೆ?

ಗಂಗಾವತಿ ಕಡೆ ಸುಗ್ಗಿ ಶುರುವಾಯಿತೆಂದರೆ ರೈಸ್ ಮಿಲ್‌ಗಳ ಕಾಟಾ (ಲೋಡ್ ಸಮೇತ ಗಾಡಿ ತೂಗುವ ಕಟ್ಟೆ) ಮುಂದೆ ಭತ್ತದ ಲಾರಿ, ಟ್ರ್ಯಾಕ್ಟರುಗಳ ಸಾಲು. ಕಿಟಕಿಯ ಹಿಂದೆ ಧೂಳು ಹಿಡಿದ ಕಂಪ್ಯೂಟರ್. ಅಲ್ಲಿ ಕೂತ ಹುಡುಗ ತೂಕದ ಸಾಫ್ಟ್‌ವೇರ್ ಮೇಲೆ ಎರಡು ಸಲ ಕ್ಲಿಕ್ ಮಾಡುತ್ತಾನೆ. ತಕ್ಷಣ ಪರದೆ ಮಬ್ಬಾಗಿ, ನಡುವೆ ಹಳದಿ ಪಟ್ಟಿಯ ಒಂದು ಪೆಟ್ಟಿಗೆ ಬರುತ್ತದೆ. ಅದರಲ್ಲಿ ಏನು ಬರೆದಿದೆ ಅಂತ ಕೇಳಿ ನೋಡಿ. "ಯಾರಿಗ್ಗೊತ್ರಿ, ದಿನಾ ಕೇಳ್ತೈತಿ, ಯೆಸ್ ಒತ್ತತೀನಿ" ಅನ್ನುತ್ತಾನೆ.

ಅವನನ್ನು ಬೈದು ಪ್ರಯೋಜನವಿಲ್ಲ. ನಮ್ಮ ಮಿದುಳು ಇರುವುದೇ ಹಾಗೆ. ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಸಂಶೋಧಕರು ಜನರನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ ಇಂಥ ಎಚ್ಚರಿಕೆಗಳನ್ನು ಮತ್ತೆ ಮತ್ತೆ ತೋರಿಸಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಅದೇ ಎಚ್ಚರಿಕೆಯನ್ನು ಎರಡನೇ ಸಲ ನೋಡುವಾಗಲೇ ಮಿದುಳಿನ ನೋಡುವ ಭಾಗದ ಚಟುವಟಿಕೆ ದೊಡ್ಡ ಪ್ರಮಾಣದಲ್ಲಿ ಇಳಿದಿತ್ತು. ಅಂದರೆ ಕಣ್ಣು ತೆರೆದೇ ಇರುತ್ತದೆ, ಓದುವುದು ಮಾತ್ರ ನಿಂತುಹೋಗುತ್ತದೆ. ದಿನಾ ನೋಡುವವನ ಗತಿ ಏನಾಗಬೇಡ!

ಈ ಪೆಟ್ಟಿಗೆಯ ಹೆಸರು ಯೂಸರ್ ಅಕೌಂಟ್ ಕಂಟ್ರೋಲ್. 2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ಟಾ ಜೊತೆ ಬಂತು. ಅದಕ್ಕೂ ಮೊದಲು ಎಕ್ಸ್‌ಪಿ ಕಾಲದಲ್ಲಿ ಮನೆ, ಅಂಗಡಿಗಳಲ್ಲಿ ಬಹುತೇಕ ಎಲ್ಲರೂ ಅಡ್ಮಿನ್ ಖಾತೆಯಲ್ಲೇ ಕೆಲಸ ಮಾಡುತ್ತಿದ್ದರು. ಆಗ ನೀವು ತೆರೆದ ಯಾವ ಪ್ರೋಗ್ರಾಂ ಆದರೂ ಇಡೀ ಯಂತ್ರಕ್ಕೆ ಯಜಮಾನನೇ. ವಿಸ್ಟಾದಲ್ಲಿ ಅಡ್ಮಿನ್ ಲಾಗಿನ್ ಆದರೂ ಪ್ರೋಗ್ರಾಂಗಳಿಗೆ ಸಿಗುವುದು ಸಾಮಾನ್ಯ ಅಧಿಕಾರ ಮಾತ್ರ. ಪೂರ್ತಿ ಅಧಿಕಾರ ಬೇಕಿದ್ದರೆ ನಿಮ್ಮನ್ನು ಕೇಳಿಯೇ ಪಡೆಯಬೇಕು. ಪರದೆ ಮಬ್ಬಾಗುವುದಕ್ಕೂ ಕಾರಣವಿದೆ. ಆ ಪ್ರಶ್ನೆ ಬರುವುದು ಬೇರೆಯೇ ಒಂದು ಡೆಸ್ಕ್‌ಟಾಪ್ ಮೇಲೆ. ಹಿಂದೆ ಮಬ್ಬಾಗಿ ಕಾಣುವುದು ನಿಮ್ಮ ಡೆಸ್ಕ್‌ಟಾಪಿನ ಫೋಟೋ ಅಷ್ಟೇ. ಒಳಗೆ ಸೇರಿಕೊಂಡ ವೈರಸ್ ತಾನೇ ಮೌಸ್ ಆಡಿಸಿ ಯೆಸ್ ಒತ್ತಬಾರದು ಅಂತ ಈ ಏರ್ಪಾಡು.

ಎಲ್ಲಾ ಸರಿ, "ಈ ಸಾಫ್ಟ್‌ವೇರ್ ನಂದೇ, ಇನ್ಮೇಲೆ ಕೇಳಬೇಡ" ಅನ್ನುವ ಒಂದು ಟಿಕ್ ಯಾಕೆ ಕೊಟ್ಟಿಲ್ಲ? ಎಲ್ಲರಿಗೂ ಬರುವ ಪ್ರಶ್ನೆ. ಕೊಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ವಿಂಡೋಸ್ 7 ಸಾಕ್ಷಿ. 2009ರಲ್ಲಿ ಬಂದ ಅದರಲ್ಲಿ, ಜನರ ಗೊಣಗಾಟ ತಾಳಲಾರದೆ ಮೈಕ್ರೋಸಾಫ್ಟ್ ತನ್ನದೇ ಕೆಲವು ಪ್ರೋಗ್ರಾಂಗಳಿಗೆ ಕೇಳದೆಯೇ ಅಧಿಕಾರ ಸಿಗುವಂತೆ ಮಾಡಿತು. ಆ ನಂಬಿಕಸ್ತ ಪ್ರೋಗ್ರಾಂಗಳ ಬೆನ್ನೇರಿ ಬೇರೆಯವರೂ ಒಳಗೆ ನುಗ್ಗಬಹುದು ಅಂತ ಸಂಶೋಧಕರು ಆ ವರ್ಷವೇ ತೋರಿಸಿಬಿಟ್ಟರು.

ಈ ಪ್ರಶ್ನೆಯ ಕಾಟ ತಾಳದೆ ಎಷ್ಟೋ ಕಡೆ ರಿಪೇರಿಯವರು, ಅದು ಯಾವಾಗ ಬರಬೇಕು ಅಂತ ಹೊಂದಿಸುವ ಸ್ಲೈಡರನ್ನೇ ಪೂರ್ತಿ ಕೆಳಕ್ಕೆ ಎಳೆದು ಹೋಗುತ್ತಾರೆ. ಇದು ಮಾತ್ರ ಬೇಡ. ತೂಕದ ಸಾಫ್ಟ್‌ವೇರ್ ಸುಮ್ಮನಾಗುವುದೇನೋ ನಿಜ. ಆದರೆ ಬಿಲ್ಲಿನ ಫೈಲ್ ಹೊತ್ತು ಆಡಿಟರ್ ಆಫೀಸಿಗೆ ಹೋಗಿಬರುವ ಪೆನ್‌ಡ್ರೈವ್‌ನಲ್ಲಿ ಏನು ಅಂಟಿಕೊಂಡು ಬಂದಿದೆಯೋ, ಅದನ್ನೂ ಯಾರೂ ಕೇಳುವುದಿಲ್ಲ. ಒಬ್ಬ ಲಾರಿ ಡ್ರೈವರ್ ಪರಿಚಯದವನು ಅಂತ ಮಿಲ್ಲಿನ ಗೇಟನ್ನೇ ಕಿತ್ತುಹಾಕಿದ ಹಾಗೆ.

ಮೊದಲು ನೋಡಬೇಕಾದ್ದು, ತೂಕ ಹಿಡಿದು ಚೀಟಿ ಪ್ರಿಂಟ್ ಮಾಡುವ ಪ್ರೋಗ್ರಾಂಗೆ ಅಡ್ಮಿನ್ ಅಧಿಕಾರ ಯಾಕೆ ಬೇಕು ಅಂತ. ಬಹಳ ಸಲ ಬೇಕಾಗಿಯೇ ಇರುವುದಿಲ್ಲ. ಹಾಕಿಕೊಟ್ಟವರು, ಪ್ರೋಗ್ರಾಂ ಮೇಲೆ ರೈಟ್ ಕ್ಲಿಕ್ ಮಾಡಿದರೆ ಸಿಗುವ ಪ್ರಾಪರ್ಟೀಸ್‌ನ ಕಂಪ್ಯಾಟಿಬಿಲಿಟಿ ಪುಟದಲ್ಲಿ 'ರನ್ ಆಸ್ ಅಡ್ಮಿನಿಸ್ಟ್ರೇಟರ್' ಅನ್ನುವುದಕ್ಕೆ ಟಿಕ್ ಹಾಕಿಟ್ಟಿರುತ್ತಾರೆ. ಅದನ್ನು ತೆಗೆದು ನೋಡಿ, ಎಷ್ಟೋ ಕಡೆ ಅಲ್ಲಿಗೆ ಮುಗಿಯುತ್ತದೆ. ಹಳೇ ಪ್ರೋಗ್ರಾಂ ಫೈಲಿನ ಹೆಸರಲ್ಲಿ 'ಸೆಟಪ್', 'ಅಪ್‌ಡೇಟ್' ಅಂತಿದ್ದರೂ, ಇದು ಏನನ್ನೋ ಇನ್‌ಸ್ಟಾಲ್ ಮಾಡಲು ಬಂದಿದೆ ಅಂತ ವಿಂಡೋಸ್ ಅನುಮಾನ ಪಟ್ಟು ಪರ್ಮಿಶನ್ ಕೇಳುತ್ತದೆ. ಹೆಸರು ನೋಡಿ ಅಳೆಯುವುದು ನಮ್ಮಲ್ಲಿ ಮಾತ್ರ ಅಲ್ಲ ನೋಡಿ.

ಟಿಕ್ ತೆಗೆದ ಮೇಲೆ ಕೆಲವೊಮ್ಮೆ ಬೇರೆ ಗಾಬರಿ ಕಾದಿರುತ್ತದೆ: ನಿನ್ನೆವರೆಗಿನ ಚೀಟಿಗಳು ಕಾಣುತ್ತವೆ, ಇವತ್ತಿನವೂ ಸೇರುತ್ತವೆ, ಆದರೆ ನಾಳೆ ಮಾಲೀಕರು ಅಡ್ಮಿನ್ ಆಗಿ ತೆರೆದರೆ ಇವತ್ತಿನ ಚೀಟಿಗಳೇ ಇಲ್ಲ! ಡಿಲೀಟ್ ಆಗಿಲ್ಲ, ಹೆದರಬೇಡಿ. ಹಳೇ ಸಾಫ್ಟ್‌ವೇರ್‌ಗಳು ಲೆಕ್ಕದ ಫೈಲನ್ನು ಪ್ರೋಗ್ರಾಂ ಫೈಲ್ಸ್ ಫೋಲ್ಡರಿನಲ್ಲೇ ಇಟ್ಟುಕೊಳ್ಳುತ್ತವೆ. ಅಲ್ಲಿ ಬರೆಯಲು ಅಡ್ಮಿನ್ ಅಧಿಕಾರ ಬೇಕು. ಇಲ್ಲದಿದ್ದಾಗ ವಿಂಡೋಸ್ 'ಇಲ್ಲ' ಅನ್ನುವ ಬದಲು, ಆ ಫೈಲಿನ ಇನ್ನೊಂದು ಪ್ರತಿಯನ್ನು ಬಳಕೆದಾರನ ಆಪ್‌ಡೇಟಾ ಫೋಲ್ಡರಿನ ಒಳಗಿರುವ ವರ್ಚುವಲ್‌ಸ್ಟೋರ್ ಅನ್ನುವ ಫೋಲ್ಡರಿನಲ್ಲಿ ಮಾಡಿ ಅದರಲ್ಲಿ ಬರೆಸುತ್ತದೆ. ಹೀಗೆ ಒಂದೇ ಕಾಟಾಕ್ಕೆ ಎರಡು ಲೆಕ್ಕ. ಹಳೇ ಪ್ರೋಗ್ರಾಂಗಳು ಕೆಟ್ಟು ಕೂರದಿರಲಿ ಅಂತ ಮಾಡಿದ ಉಪಕಾರ ಇದು. ಆದರೆ ಮಿಲ್ಲಿನ ಗುಮಾಸ್ತರಿಗೆ ಅದನ್ನು ವಿವರಿಸುವಷ್ಟರಲ್ಲಿ ಸಾಕಾಗುತ್ತದೆ.

ದಾರಿ ಸುಲಭ. ಲೆಕ್ಕದ ಫೈಲನ್ನು ಬೇರೆ ಫೋಲ್ಡರಿಗೆ ಸಾಗಿಸಲು ಸಾಫ್ಟ್‌ವೇರ್ ಸೆಟ್ಟಿಂಗ್‌ನಲ್ಲಿ ಅವಕಾಶವಿದ್ದರೆ ಅದೇ ಒಳ್ಳೆಯದು. ಇಲ್ಲವೇ, ಲೆಕ್ಕದ ಒಳಫೋಲ್ಡರಿಗೆ ಮಾತ್ರ, ಪ್ರಾಪರ್ಟೀಸ್‌ನ ಸೆಕ್ಯುರಿಟಿ ಪುಟದಲ್ಲಿ ಕಾಟಾ ಹುಡುಗನ ಖಾತೆಗೆ 'ಮಾಡಿಫೈ' ಅನುಮತಿ ಕೊಡಿ. ಇಡೀ ಪ್ರೋಗ್ರಾಂ ಫೋಲ್ಡರಿಗೆ ಕೊಟ್ಟರೆ ಅಸಲಿ ಪ್ರೋಗ್ರಾಂ ಫೈಲನ್ನೇ ಯಾರಾದರೂ ಬದಲಾಯಿಸಬಹುದು. ಏನೇ ಮಾಡುವ ಮೊದಲು ಒಂದು ಬ್ಯಾಕಪ್ ತೆಗೆದಿಡಿ.

ನಿಜಕ್ಕೂ ಅಡ್ಮಿನ್ ಅಧಿಕಾರ ಬೇಕೇ ಬೇಕು ಅನ್ನುವ ಪ್ರೋಗ್ರಾಂ ಆದರೆ, ಹೇಳಿಟ್ಟ ಕೆಲಸವನ್ನು ನಡೆಸಿಕೊಡುವ ಟಾಸ್ಕ್ ಶೆಡ್ಯೂಲರ್ ವಿಂಡೋಸ್‌ನಲ್ಲೇ ಇದೆ. ಅಡ್ಮಿನ್ ಖಾತೆಯಲ್ಲಿ ಆ ಪ್ರೋಗ್ರಾಂ ಹೆಸರಿಗೆ ಒಂದು ಟಾಸ್ಕ್ ಮಾಡಿ, 'ರನ್ ವಿತ್ ಹೈಯೆಸ್ಟ್ ಪ್ರಿವಿಲೇಜಸ್' ಟಿಕ್ ಹಾಕಿ, ಆ ಟಾಸ್ಕ್ ಶುರು ಮಾಡುವ ಶಾರ್ಟ್‌ಕಟ್ ಡೆಸ್ಕ್‌ಟಾಪ್ ಮೇಲಿಟ್ಟರೆ ಅದೊಂದಕ್ಕೆ ಪ್ರಶ್ನೆ ಬರುವುದಿಲ್ಲ. ಉಳಿದೆಲ್ಲಕ್ಕೂ ಬರುತ್ತದೆ. ಇಲ್ಲೂ ಒಂದು ಷರತ್ತು: ಪ್ರೋಗ್ರಾಂ ಡೌನ್‌ಲೋಡ್ಸ್ ಅಥವಾ ಡೆಸ್ಕ್‌ಟಾಪ್‌ನಂಥ ಕಡೆ ಇರಬಾರದು, ಪ್ರೋಗ್ರಾಂ ಫೈಲ್ಸ್ ಒಳಗೇ ಇರಬೇಕು. ಟಾಸ್ಕ್ ನೋಡುವುದು ಫೈಲ್ ಇರುವ ಜಾಗ ಮತ್ತು ಹೆಸರನ್ನು ಮಾತ್ರ. ಆ ಜಾಗದಲ್ಲಿ ಬೇರೆ ಫೈಲ್ ಅದೇ ಹೆಸರಿನಲ್ಲಿ ಕೂತರೆ ಅದಕ್ಕೂ ಅಷ್ಟೇ ಮರ್ಯಾದೆ.

ಇಷ್ಟಾದ ಮೇಲೂ ಆಗೊಮ್ಮೆ ಈಗೊಮ್ಮೆ ಪೆಟ್ಟಿಗೆ ಬಂದೇ ಬರುತ್ತದೆ. ಆಗ ನೋಡಬೇಕಾದ್ದು ಎರಡೇ: ಈಗಷ್ಟೇ ನಾನೇ ಏನಾದರೂ ತೆರೆದೆನಾ, ಪಬ್ಲಿಷರ್ ಅನ್ನುವ ಕಡೆ ಏನಿದೆ. ನೀಲಿ ಪಟ್ಟಿ ಇದ್ದರೆ ತಯಾರಕರ ಡಿಜಿಟಲ್ ಸಹಿ ತಾಳೆಯಾಗಿದೆ ಅಂತ. ಹಳದಿ ಪಟ್ಟಿ, 'ಅನ್‌ನೋನ್' ಅಂತಿದ್ದರೆ ಯಾರು ಮಾಡಿದ್ದು ಅನ್ನುವುದು ವಿಂಡೋಸ್‌ಗೂ ಗೊತ್ತಿಲ್ಲ. ಸಣ್ಣ ಸಾಫ್ಟ್‌ವೇರ್‌ಗಳಿಗೆ ಸಹಿ ಇಲ್ಲದಿರುವುದು ಮಾಮೂಲು, ಹಾಗಾಗಿ ಹಳದಿ ಅಂದ ಮಾತ್ರಕ್ಕೆ ವೈರಸ್ ಅಲ್ಲ. ಆದರೆ ನೀವು ಏನನ್ನೂ ತೆರೆಯದೆ ಸುಮ್ನೆ ಕೂತಿದ್ದಾಗ ಹಳದಿ ಬಂತು ಅಂದರೆ 'ನೋ' ಒತ್ತಿ, ಕಂಪ್ಯೂಟರ್ ನೋಡಿಕೊಳ್ಳುವವರಿಗೆ ಒಂದು ಫೋನ್ ಹಾಕಿ.