ಮಾರದಿದ್ದರೆ ನಷ್ಟವೇ ಇಲ್ಲವೇ?

"ಹೋದ ವರ್ಷ ಮೆಣಸಿನಕಾಯಿ ಕ್ವಿಂಟಲ್‌ಗೆ ಇಪ್ಪತ್ತು ಸಾವಿರ ಇತ್ತು ಸಾರ್. ಈಗ ಹದಿನಾಲ್ಕಕ್ಕೆ ಕೇಳ್ತಾರೆ. ಕೋಲ್ಡ್ ಸ್ಟೋರೇಜಿಗೆ ಹಾಕಿಬಿಡ್ಲಾ? ಮಾರಿದ್ರೆ ತಾನೆ ಲುಕ್ಸಾನು, ಮಾರದಿದ್ರೆ ಏನೂ ಇಲ್ಲಲ್ಲ?"

ಸಿರುಗುಪ್ಪ, ಕುರುಗೋಡು, ಸಿಂಧನೂರು ಕಡೆಯಿಂದ ಯುಗಾದಿಯ ಆಸುಪಾಸು ತಪ್ಪದೆ ಬರುವ ಪ್ರಶ್ನೆ. ವರ್ಷದಿಂದ ವರ್ಷಕ್ಕೆ ಅಂಕಿ ಬದಲಾಗುತ್ತದೆ, ಕೊನೆಯ ಮಾತು ಮಾತ್ರ ಹಾಗೇ ಉಳಿಯುತ್ತದೆ. ಎಷ್ಟು ಸಲ ಉತ್ತರಿಸಿದರೂ ಆ ಮಾತು ಅಲ್ಲಾಡಿಲ್ಲ. ಹಾಗಾಗಿ ಈ ಸಲ ಅದನ್ನೇ ಬುಡದಿಂದ ಕೀಳೋಣ.

ಒಂದೇ ಕೋಲ್ಡ್ ಸ್ಟೋರೇಜು, ಅಕ್ಕಪಕ್ಕದಲ್ಲಿ ಎರಡು ಲಾಟು. ಒಂದೇ ತಳಿ, ಒಂದೇ ಬಣ್ಣ, ಒಂದೇ ತೂಕ. ಮೊದಲನೆಯವನು ಕ್ವಿಂಟಲ್‌ಗೆ 20,000 ಕೊಟ್ಟು ಕೊಂಡಿಟ್ಟವನು, ಎರಡನೆಯವನು 10,000 ಕೊಟ್ಟವನು. ಖರೀದಿದಾರ ಬಂದು ಇಬ್ಬರಿಗೂ 14,000 ಹೇಳುತ್ತಾನೆ. ಮೊದಲನೆಯವನು "ಲುಕ್ಸಾನು" ಎಂದು ಮುಖ ತಿರುಗಿಸುತ್ತಾನೆ, ಎರಡನೆಯವನು ಖುಷಿಯಿಂದ ತೂಕಕ್ಕೆ ಹಾಕುತ್ತಾನೆ. ನಾಳೆ ಬೆಲೆ ಏರಿದರೆ ಎರಡೂ ಲಾಟಿಗೆ ಏರುತ್ತದೆ, ಇಳಿದರೆ ಎರಡಕ್ಕೂ ಇಳಿಯುತ್ತದೆ. ಮಾಲಿನಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ಇಬ್ಬರ ತಲೆಯಲ್ಲಿ ಕೂತಿರುವ ಹಳೆಯ ಅಂಕಿಯಲ್ಲಿ.

ಬೆಲೆ ಹದಿನಾಲ್ಕಕ್ಕೆ ಇಳಿದ ದಿನವೇ ಆ ಆರು ಸಾವಿರ ಹೋಗಿದೆ. ಮಾರಿದಾಗ ಅದು ಕಣ್ಣಿಗೆ ಕಾಣುತ್ತದೆ, ಅಷ್ಟೆ. ಹೊಲದಲ್ಲಿ ಬೆಳೆದವರಿಗೂ ಇದೇ ಮಾತು: ಹೋದ ವರ್ಷದ ಇಪ್ಪತ್ತು ಸಾವಿರ ನಿಮ್ಮ ಕೈಗೆ ಬಂದು ಹೋದ ದುಡ್ಡೂ ಅಲ್ಲ, ಆ ಬೆಲೆಗೆ ಮಾರಿದ್ದು ಬೇರೆ ಬೆಳೆ.

ಗೊತ್ತಿದ್ದೂ ಯಾಕೆ ಕಾಯುತ್ತೇವೆ? ಡೇನಿಯಲ್ ಕಾಹ್ನೆಮನ್, ಏಮೊಸ್ ಟ್ವೆರ್ಸ್ಕಿ ಎಂಬ ಇಬ್ಬರು ಮನೋವಿಜ್ಞಾನಿಗಳು 1979ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ಖಂಡಿತವಾಗಿ 3,000 ಕಳೆದುಕೊಳ್ಳುತ್ತೀರೋ, ಅಥವಾ ನೂರಕ್ಕೆ 80ರಷ್ಟು ಸಂಭವದಲ್ಲಿ 4,000 ಕಳೆದುಕೊಳ್ಳುವ ಜೂಜಿಗೆ ನಿಲ್ಲುತ್ತೀರೋ ಎಂದು ಕೇಳಿದರು. ಸರಾಸರಿ ತೆಗೆದರೆ ಜೂಜಿನ ನಷ್ಟ 3,200, ಅಂದರೆ ಅದೇ ಹೆಚ್ಚು. ಆದರೂ ನೂರಕ್ಕೆ 92 ಮಂದಿ ಜೂಜನ್ನೇ ಆರಿಸಿದರು. ನಷ್ಟ ಒಪ್ಪಿಕೊಳ್ಳುವ ಸಂಕಟ ತಪ್ಪಿದರೆ ಸಾಕು, ಇನ್ನೂ ದೊಡ್ಡ ನಷ್ಟದ ಅಪಾಯವಾದರೂ ಸರಿ ಎನ್ನುವುದು ಮನಸ್ಸಿನ ಸ್ವಭಾವ. ಇದರಲ್ಲಿ ಓದಿದವರು, ಓದದವರು ಎಂಬ ಭೇದ ಕಾಣೆ. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಅದಿರು ಲಾರಿ ಇಟ್ಟುಕೊಂಡವರ ಮುಂದೆಯೂ ಇದೇ ಪ್ರಶ್ನೆ ಇತ್ತು: ಸಿಕ್ಕ ಬೆಲೆಗೆ ಲಾರಿ ಮಾರುವುದೋ, ಕಾಯುವುದೋ? ನಿಂತ ಲಾರಿಗೂ ಕಂತು ಓಡುತ್ತದೆ, ಟಯರು ಕೂತಲ್ಲೇ ಸವೆಯುತ್ತದೆ.

ಮೆಣಸಿನಕಾಯಿಯೂ ಸುಮ್ಮನೆ ಕೂರುವ ಮಾಲಲ್ಲ. ಬ್ಯಾಡಗಿ ತಳಿಗೆ ದುಡ್ಡು ಕೊಡುವುದು ಬಣ್ಣಕ್ಕೆ. ತಂಪಿನಲ್ಲಿ ಬಣ್ಣ ಮಾಸುವುದು ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಹೊಸ ಮಾಲು ಬಂದ ದಿನ ನಿಮ್ಮದು "ಹಳೇ ಮಾಲು". ಚೀಲ ಕಟ್ಟುವಾಗ ಕಾಯಿ ಅಲ್ಲಾಡಿಸಿದರೆ ಬೀಜ ಗಿಲಿಗಿಲಿ ಎನ್ನಬೇಕು. ತೂಕ ಬರಲೆಂದು ನೀರು ಚಿಮುಕಿಸಿದ ಚೀಲದ ನಡುವೆ ಕಾಯಿ ಕಪ್ಪಾಗುತ್ತದೆ. ತಣ್ಣನೆಯ ಚೀಲ ನಮ್ಮ ಬಿಸಿಲಿಗೆ ಬಂದರೆ ಬೆವರುತ್ತದೆ. ಬಾಯಿ ಬಿಚ್ಚಿ ಗಾಳಿಗೆ ಹರಡದಿದ್ದರೆ ಬೂಸ್ಟು ಹಿಡಿಯುವುದು ಆಗಲೇ.

ಈಗ ಲೆಕ್ಕ. ಅಂಕಿಗಳು ಉದಾಹರಣೆಗೆ, ನಿಮ್ಮ ಚೀಟಿಯಲ್ಲಿ ಇರುವುದನ್ನು ಹಾಕಿಕೊಳ್ಳಿ. 20 ಕ್ವಿಂಟಲ್, ಇವತ್ತಿನ ಬೆಲೆ 14,000, ಒಟ್ಟು 2,80,000. ಇದನ್ನು ಇವತ್ತೇ ದಲ್ಲಾಳಿ ಅಂಗಡಿಯ ಸಾಲಕ್ಕೆ ಕಟ್ಟಬಹುದಿತ್ತು. ಎರಡು ರೂಪಾಯಿ ಬಡ್ಡಿಯಂತೆ ತಿಂಗಳಿಗೆ 5,600, ಆರು ತಿಂಗಳಿಗೆ 33,600. ಸ್ಟೋರೇಜ್ ಬಾಡಿಗೆ 4,000, ಹಮಾಲಿ ಮತ್ತು ಲಾರಿ 2,000. ಎಲ್ಲ ಸೇರಿ 39,600, ಕ್ವಿಂಟಲ್‌ಗೆ 1,980. ಆರು ತಿಂಗಳ ನಂತರ 15,980ಕ್ಕೆ ಮಾರಿದರೂ ಇವತ್ತು ಮಾರಿದಷ್ಟೇ ಆಯಿತು. ಬಣ್ಣ ಇಳಿದದ್ದನ್ನು ಇದರಲ್ಲಿ ಇನ್ನೂ ಸೇರಿಸಿಲ್ಲ. ಸಾಲ ವರ್ಷಕ್ಕೆ ಶೇ. 9ರದ್ದಾಗಿದ್ದರೆ ಇದೇ ಗೆರೆ 14,930ಕ್ಕೆ ಇಳಿಯುತ್ತದೆ. ಕಾಯುವ ಶಕ್ತಿ ಯಾರಿಗಿದೆ ಎಂಬುದನ್ನು ಬಡ್ಡಿಯ ದರ ಹೇಳುತ್ತದೆ, ಹಟ ಹೇಳುವುದಿಲ್ಲ.

ಆದ್ದರಿಂದ ಕೇಳಿಕೊಳ್ಳಬೇಕಾದ ಪ್ರಶ್ನೆ ಇಷ್ಟೇ: ಮೆಣಸಿನಕಾಯಿಯ ಬದಲು ಕೈಯಲ್ಲಿ 2,80,000 ನಗದು ಇದ್ದಿದ್ದರೆ, ಸಾಲ ಹಾಗೇ ಬಿಟ್ಟು ಇದೇ ಮಾಲನ್ನು ಇವತ್ತು ಕೊಂಡು ಇಡುತ್ತಿದ್ದಿರಾ? ಇಡುತ್ತಿದ್ದೆ ಎನ್ನುವುದಕ್ಕೆ ಮುಂದಿನ ಕಾರಣ ಬೇಕು. ಗುಂಟೂರಿನಲ್ಲಿ ದಾಸ್ತಾನು ಕಡಿಮೆ, ಈ ಸಲ ಸಸಿ ಹಚ್ಚಿದ್ದು ಕಡಿಮೆ, ಥ್ರಿಪ್ಸ್ ಹುಳ ಬೆಳೆ ತಿಂದಿದೆ, ಇಂಥವು ಕಾರಣಗಳು. ಹಾಗಿದ್ದರೆ ಖಂಡಿತ ಇಡಿ. "ಹೋದ ವರ್ಷ ಇಪ್ಪತ್ತಿತ್ತು" ಎಂಬುದು ಕಾರಣವಲ್ಲ.

ಇಷ್ಟಾದ ಮೇಲೆ ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ. 10,000ಕ್ಕೆ ಕೊಂಡವನು ಅಷ್ಟು ಅವಸರದಲ್ಲಿ ಮಾರಿದ್ದು ಸರಿಯೇ? ಅದೇ ಪ್ರಯೋಗದಲ್ಲಿ ಅಂಕಿಗಳನ್ನು ಲಾಭಕ್ಕೆ ತಿರುಗಿಸಿ ಕೇಳಿದಾಗ ನೂರಕ್ಕೆ 80 ಮಂದಿ ಖಚಿತವಾದ 3,000 ಹಿಡಿದುಕೊಂಡರು. ನಷ್ಟದಲ್ಲಿ ಜೂಜು, ಲಾಭದಲ್ಲಿ ಅವಸರ. ಟೆರನ್ಸ್ ಓಡೀನ್ ಎಂಬ ಹಣಕಾಸು ಸಂಶೋಧಕರು 1998ರಲ್ಲಿ ಅಮೆರಿಕದ 10,000 ಷೇರು ಖಾತೆಗಳನ್ನು ಪರಿಶೀಲಿಸಿ ಇದನ್ನೇ ಕಂಡರು: ಜನ ಏರಿದ ಷೇರನ್ನು ಬೇಗ ಮಾರುತ್ತಾರೆ, ಇಳಿದದ್ದನ್ನು ಇಟ್ಟುಕೊಳ್ಳುತ್ತಾರೆ. ಮಾರಿದ ಷೇರುಗಳೇ ಮುಂದಿನ ವರ್ಷ ಸರಾಸರಿ ಹೆಚ್ಚು ಗಳಿಸಿಕೊಟ್ಟವು. ಡಿಸೆಂಬರ್‌ನಲ್ಲಿ ಮಾತ್ರ ಅದೇ ಜನ ನಷ್ಟದ ಷೇರುಗಳನ್ನು ಮಾರಿದರು, ಯಾಕೆಂದರೆ ನಷ್ಟ ತೋರಿಸಿ ತೆರಿಗೆ ಉಳಿಸಿಕೊಳ್ಳುವ ಕಡೆಯ ದಿನ ತಲೆಯ ಮೇಲಿತ್ತು.

ಆ ಕಡೆಯ ದಿನವನ್ನು ನೀವೂ ಇಟ್ಟುಕೊಳ್ಳಬಹುದು. ಮಾಲು ಒಳಗೆ ಹಾಕಿದ ದಿನವೇ ಸ್ಟೋರೇಜ್ ರಸೀದಿಯ ಹಿಂದೆ ಮೂರು ಅಂಕಿ ಬರೆಯಿರಿ: ಬಡ್ಡಿ-ಬಾಡಿಗೆ ಸೇರಿ ಅಸಲಾಗುವ ಬೆಲೆ, ಅರ್ಧ ಮಾಲು ಮಾರಲೇಬೇಕಾದ ತಾರೀಖು, ಉಳಿದರ್ಧದ ತಾರೀಖು. ಎರಡನೆಯ ತಾರೀಖು ದೀಪಾವಳಿ ದಾಟದಿರಲಿ. ಹೋದ ವರ್ಷದ ಬೆಲೆ ಬರೆಯಬೇಡಿ. ಬರೆದ ಮೇಲೆ ರಸೀದಿಯನ್ನು ಮನೆಯಲ್ಲಿ ಲೆಕ್ಕ ನೋಡುವವರ ಕೈಗೆ ಕೊಡಿ.