ನಮ್ಮವನಿಗೆ ಬುಷ್ ಮಾತ್ರ ಕೊಟ್ಟದ್ದಾ ಸರ್?

ಐಟಿಐ ಟರ್ನರ್, ಮಷಿನಿಸ್ಟ್ ಕ್ಲಾಸಲ್ಲಿ ಪ್ರಾಜೆಕ್ಟ್ ಅಂದ ಕೂಡ್ಲೇ ಎಲ್ಲರಿಗೂ ಎಕ್ಸಿಬಿಷನ್ನೇ ನೆನಪಾಗುವುದು. ಪೈಂಟ್ ಹೊಡೆದು ಹೊಳೆಯುವ ಮಷಿನ್, ಎದುರಿಗೆ ಹುಡುಗನ ಹೆಸರು, ಪಕ್ಕದಲ್ಲಿ ಅಪ್ಪ ಅಮ್ಮನ ಫೋಟೊ. ನಾನು ಹ್ಯಾಂಡಲ್ ತಿರುಗಿಸುವ ಸಾಣೆ ಮಷಿನ್ ಮಾಡ್ಸುವಾಗ ಒಬ್ಬ ಶಾಫ್ಟ್ (ತಿರುಗುವ ಕಂಬಿ), ಇನ್ನೊಬ್ಬ ಬುಷ್ (ಆ ಶಾಫ್ಟ್ ಕೂರುವ ತೂತಿನ ಬಳೆ), ಮತ್ತೊಬ್ಬ ಬಾಡಿ ಅಂತ ಹಂಚ್ತೇನೆ. "ನಮ್ಮವನಿಗೆ ಬುಷ್ ಮಾತ್ರ ಕೊಟ್ಟದ್ದಾ ಸರ್, ಇಡೀ ಮಷಿನ್ ಮಾಡ್ಲಿಕ್ಕೆ ಬಿಡ್ಲಿಲ್ವಾ?" ಅಂತ ಪೇರೆಂಟ್ಸ್ ಬಂದು ಕೇಳ್ತಾರೆ, ಅವರಿಗೆ ಬೇಜಾರು.

ಹೇಳ್ತೇನೆ ಮಾರಾಯ್ರೆ. ಒಬ್ಬನೇ ಎಲ್ಲ ಮಾಡಿದ್ರೆ ಶಾಫ್ಟ್ ದಪ್ಪ ಆದ್ರೆ ಬುಷ್ಷನ್ನು ಸ್ವಲ್ಪ ದೊಡ್ಡದು ಮಾಡ್ತಾನೆ, ಬಿಗಿ ಆದ್ರೆ ಎಮೆರಿ ಪೇಪರ್ ಹಾಕಿ ತಿಕ್ತಾನೆ, ಕೊನೆಗೆ ಮಷಿನ್ ತಿರುಗ್ತದೆ, ಎಲ್ಲರೂ ಚಪ್ಪಾಳೆ. ಎಲ್ಲಿ ತಪ್ಪಿತು ಅಂತ ಅವನಿಗೇ ಗೊತ್ತಿಲ್ಲ. ಹಂಚಿ ಕೊಟ್ರೆ ಹಾಗೆ ಆಗುವುದಿಲ್ಲ, ಯಾರ ಶಾಫ್ಟಾದ್ರೂ ಯಾರ ಬುಷ್ಷಿಗಾದ್ರೂ ಕೂರ್ಬೇಕು, ಅರ (ಫೈಲ್) ಮುಟ್ಟುವ ಹಾಗಿಲ್ಲ. ಜೂನ್, ಜುಲೈಯಲ್ಲಿ ಮೀನುಗಾರಿಕೆ ಬಂದ್ ಇರುವಾಗ ಮಲ್ಪೆಯ ಬೋಟ್ ಕೆಲಸ ವರ್ಕ್‌ಶಾಪಿಗೆ ಬರ್ತದಲ್ಲ, ಶಾಫ್ಟ್ ಅಲ್ಲಿ ಬೋಟಲ್ಲೇ ಇರ್ತದೆ, ಇಲ್ಲಿಗೆ ಬರುವುದು ಸೈಜ್ ಮಾತ್ರ. ಹಾಕಿ ನೋಡಿ ಸರಿ ಮಾಡುವ ಅಂದ್ರೆ ಎಂತದನ್ನು ಹಾಕಿ ನೋಡುವುದು?

ನಾನು ಸಾಮಾನ್ಯ 25 ಎಂಎಂಗೆ ಎಚ್8 ತೂತು, ಎಫ್7 ಶಾಫ್ಟ್ ಕೊಡ್ತೇನೆ (ಸೈಜ್ ಎಷ್ಟರಿಂದ ಎಷ್ಟರ ಒಳಗೆ ಇರ್ಬೇಕು ಅಂತ ಹೇಳುವ ಸ್ಟಾಂಡರ್ಡ್ ಗುರುತು ಇವು), ಹಳೆ ಲೇತಲ್ಲಿ ಅದಕ್ಕಿಂತ ಬಿಗಿ ಕೇಳಿದ್ರೆ ನ್ಯಾಯ ಅಲ್ಲ, ನಿಮ್ಮ ಮಷಿನ್ ಕಂಡೀಷನ್ ನೋಡಿ ನೀವು ಹೆಚ್ಚು ಕಮ್ಮಿ ಮಾಡ್ಬಹುದು. ಎಫ್7 ಅಂದ್ರೆ ಶಾಫ್ಟ್ 24.959ರಿಂದ 24.980ರ ಒಳಗೆ ಇರ್ಬೇಕು, ಇರುವ ಜಾಗ ಒಟ್ಟು 0.021. ನಮ್ಮ ವರ್ನಿಯರ್‌ನ ಲೀಸ್ಟ್ ಕೌಂಟೇ, ಅಂದ್ರೆ ಅದು ತೋರಿಸುವ ಅತಿ ಸಣ್ಣ ಅಳತೆಯೇ 0.02, ಅದರಲ್ಲಿ ಅಳೆದು "ಸರಿ ಉಂಟು ಸರ್" ಅನ್ನುವವರಿಗೆ ಎಂತ ಹೇಳುವುದು. ಮೈಕ್ರೋಮೀಟರ್ ಬೇಕೇ ಬೇಕು.

ಒಬ್ಬ ಹುಡುಗ, ಒಳ್ಳೆ ಕೈ ಅವನದ್ದು, ಶಾಫ್ಟ್ ಲೇತಿನ ಚಕ್ಕಲ್ಲಿ ಬಿಸಿ ಬಿಸಿ ಇರುವಾಗಲೇ ಮೈಕ್ರೋಮೀಟರ್ ಹಿಡಿದು 24.96 ಅಂತ ಚಾರ್ಟಲ್ಲಿ ಬರೆದ. ಮರುದಿನ ಅದೇ ಶಾಫ್ಟ್ 24.95, ರಿಜೆಕ್ಟ್. ಯಾರೋ ಬದಲಾಯ್ಸಿದ್ದಾರೆ ಅಂತ ಜಗಳವೇ ಶುರು ಮಾಡಿದ. ಯಾರೂ ಬದಲಾಯ್ಸಿದ್ದಲ್ಲ, ಸ್ಟೀಲ್ ಮೂವತ್ತು ಡಿಗ್ರಿ ಬಿಸಿ ಆದ್ರೆ 25 ಎಂಎಂಗೆ ಎಂಟೊಂಬತ್ತು ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರೆ 0.001 ಎಂಎಂ) ಹಿಗ್ಗುತ್ತದೆ, ತಣ್ಣಗಾದ ಮೇಲೆ ವಾಪಸ್. ಥಿಯರಿಯಲ್ಲಿ ಓದಿದ್ದ, ಪಾಸ್ ಕೂಡ ಆಗಿದ್ದ. ಆದ್ರೆ ತಲೆಗೆ ಹೋದದ್ದು ಬುಷ್ ಮಾಡಿದವ ಬಂದು "ನಿನ್ನ ಶಾಫ್ಟ್ ಅಲ್ಲಾಡ್ತದಲ್ಲ ಮಾರಾಯ" ಅಂತ ಎದುರೇ ಹೇಳಿದಾಗ. ಆ ಜಗಳ ನೋಡ್ಲಿಕ್ಕೆ ನನಗೆ ಖುಷಿಯೇ, ಸುಳ್ಯಾಕೆ.

ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮಷಿನ್) ಬಂದ ಮೇಲೆ ಇದೆಲ್ಲ ಯಾಕೆ ಅಂತಲೂ ಕೇಳ್ತಾರೆ. ಅಲ್ಲಿಯೂ ಕತ್ತರಿಸುವ ಇನ್ಸರ್ಟ್ ಸವೆಯುತ್ತದೆ, ಜಾಬ್ ಅಳೆದು ಅದಕ್ಕೆ ತಕ್ಕ ತಿದ್ದುಪಡಿ, ಅಂದ್ರೆ ಆಫ್‌ಸೆಟ್ ಹಾಕುವವ ಆಪರೇಟರೇ. ಮುಂದಿನ ಎಕ್ಸಿಬಿಷನಿಗೆ ಬಂದಾಗ ಪೈಂಟ್ ನೋಡ್ಬೇಡಿ, ಎರಡು ಮಷಿನಿನ ಶಾಫ್ಟ್ ಅದಲು ಬದಲು ಮಾಡಿ ತಿರುಗಿಸಿ ತೋರಿಸ್ಲಿಕ್ಕೆ ಹೇಳಿ. ನಮ್ಮ ಟೇಬಲ್ಲಿಗೂ ಬನ್ನಿ, ಯಾವ ಬುಷ್ ಯಾರದ್ದು ಅಂತ ಪಂಚ್ ಮಾಡಿ ಇಟ್ಟಿರ್ತೇವೆ.